'5 ಗಿಗಾಹರ್ಟ್ಸ್, ಪೂರ್ತಿ ಸೇಫ್' ಎಂದು ಹಳೆಯ ಕಂಪ್ಯೂಟರ್ ಮಾರುವವರಿದ್ದಾರೆ, ಎಚ್ಚರ

ಓವರ್‌ಕ್ಲಾಕ್ ಮಾಡಿ (ಅಂದರೆ ಪ್ರೊಸೆಸರನ್ನು ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸಿ), ಪರೀಕ್ಷಿಸಿಯೇ ಕೊಡುತ್ತೇವೆ ಎನ್ನುವವರಿಂದ ಹಳೆಯ ಕಂಪ್ಯೂಟರ್ ಕೊಳ್ಳಬೇಡಿ. ದಯವಿಟ್ಟು ಕೊಳ್ಳಬೇಡಿ. ನನಗೆ ಚೆನ್ನಾಗಿ ಟೋಪಿ ಬಿದ್ದಿದೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಪ್ರೊಸೆಸರ್ ಇಂಟೆಲ್‌ನ 8700ಕೆ. ಅದರೊಳಗಿನ ಆರೂ ಕೋರ್‌ಗಳು, ಅಂದರೆ ಲೆಕ್ಕ ಮಾಡುವ ಘಟಕಗಳು, 5 ಗಿಗಾಹರ್ಟ್ಸ್‌ನಲ್ಲಿ ಓಡುತ್ತವೆ ಎಂದು ಪ್ರೊಸೆಸರ್‌ನ ವೇಗ ತೋರಿಸುವ ಸಿಪಿಯು-ಝಡ್ ತಂತ್ರಾಂಶದ ಚಿತ್ರವನ್ನೂ ಮಾರಿದವನು ಕಳುಹಿಸಿದ್ದ. ನಾನು ಈ ವಿಷಯಕ್ಕೆ ಹೊಸಬ, ಅದಕ್ಕೇ ಎಲ್ಲವನ್ನೂ ಮೊದಲೇ ಕೇಳಿದ್ದೆ. ವೋಲ್ಟೇಜ್ ಎಷ್ಟು? "ಆಟೋ ಸರ್, ಬೋರ್ಡೇ ನೋಡಿಕೊಳ್ಳುತ್ತದೆ." ಪೂರ್ತಿ ಲೋಡ್ ಬಿದ್ದಾಗ ಬಿಸಿ ಎಷ್ಟು? "ಕ್ಯಾಬಿನೆಟ್ ಮೇಲೆ ಕೈಯಿಟ್ಟು ನೋಡಿ ಸರ್, ತಣ್ಣಗಿದೆ." ಕೈಯಿಟ್ಟು ನೋಡಬೇಕಂತೆ!

ತಂದು, ಪ್ರೊಸೆಸರ್‌ಗೆ ಪೂರ್ತಿ ಲೋಡ್ ಹಾಕಿ ಪರೀಕ್ಷಿಸುವ ಪ್ರೈಮ್95 ತಂತ್ರಾಂಶ ಓಡಿಸಿದೆ. ನೋಡನೋಡುತ್ತಲೇ 100 ಡಿಗ್ರಿ. ಅದು ಆ ಚಿಪ್‌ನ ಮಿತಿ, ಅಲ್ಲಿಗೆ ಮುಟ್ಟಿದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಇಳಿದು ನಿಂತದ್ದು 4.3ಕ್ಕೆ. ಯಾರೂ ಮುಟ್ಟದ 8700ಕೆ ಎಲ್ಲ ಕೋರ್‌ಗಳಲ್ಲಿ ಕೊಡುವ ವೇಗವೇ ಅಷ್ಟು! ಹೆಚ್ಚು ಹಣ ತೆತ್ತದ್ದು ಬರೀ ಬಿಸಿಗೆ.

ಬಯಾಸ್, ಅಂದರೆ ಮದರ್‌ಬೋರ್ಡಿನ ಸೆಟ್ಟಿಂಗ್‌ಗಳ ಪರದೆ, ತೆರೆದೆ. ಮಲ್ಟಿಪ್ಲೈಯರ್ 50, ಅಂದರೆ 100 ಮೆಗಾಹರ್ಟ್ಸ್‌ನ ಐವತ್ತು ಪಟ್ಟು, ಅದೇನೋ ಸರಿ. ಆದರೆ ಕೋರ್ ವೋಲ್ಟೇಜ್ ಎದುರು 'ಆಟೋ' ಇರಲಿಲ್ಲ. ಅಲ್ಲಿ 1.450 ಎಂದು ಕೈಯಾರೆ ತುಂಬಿಸಿದ ಅಂಕಿ. ಮೈಯೆಲ್ಲ ಉರಿದುಹೋಯಿತು. ವೋಲ್ಟೇಜ್ ಸ್ವಲ್ಪ ಏರಿಸಿದರೂ ವಿದ್ಯುತ್ ಬಳಕೆ ಅದರ ವರ್ಗದ (ಸ್ಕ್ವೇರ್‌ನ) ಲೆಕ್ಕದಲ್ಲಿ ಏರುತ್ತದೆ. ಇಷ್ಟು ವೋಲ್ಟೇಜ್, ಇಷ್ಟು ಬಿಸಿ ಸೇರಿದರೆ ಚಿಪ್ ಬೇಗ ಸವೆಯುತ್ತದೆ. ಎಷ್ಟು ಕಾಲದಿಂದ ಹೀಗೆ ಓಡಿಸಿದ್ದನೋ!

ಇನ್ನೂ ಇದೆ. ವಿಂಡೋಸ್ ಅವನೇ ಹಾಕಿಕೊಟ್ಟದ್ದು. ಅದು ದೋಷಗಳನ್ನು ದಾಖಲಿಸಿ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಪ್ರೊಸೆಸರ್ ಕೋರ್‌ನ ಹಾರ್ಡ್‌ವೇರ್ ದೋಷಗಳ ಸಾಲು, ಅದೂ ನಾನು ಕೊಳ್ಳುವುದಕ್ಕಿಂತ ಮುಂಚಿನ ದಿನಾಂಕಗಳಲ್ಲಿ. ಅವನಿಗೆ ಗೊತ್ತಿತ್ತು. ಎಲ್ಲ ಗೊತ್ತಿತ್ತು.

ಚಿತ್ರ ಕಳುಹಿಸಿದೆ. "ಅದು ಹಳದಿ ಗುರುತು ಸರ್, ವಾರ್ನಿಂಗ್ ಅಷ್ಟೇ." ಬಿಸಿಯ ಬಗ್ಗೆ ಕೇಳಿದರೆ, "ಪ್ರೈಮ್95 ಓಡಿಸಲು ಯಾರು ಹೇಳಿದರು? ಗೇಮ್ ಆಡಿ." ಹಣ ವಾಪಸ್ ಕೇಳಿದಾಗ, "ನೀವು ಬಯಾಸ್ ಮುಟ್ಟಿದ್ದೀರಿ, ಇನ್ನು ನಮ್ಮ ಜವಾಬ್ದಾರಿ ಇಲ್ಲ." ತೆರೆದು ನೋಡಿದ್ದೇ ತಪ್ಪಾಯಿತು!

ಸಿಪಿಯು-ಝಡ್ ಚಿತ್ರವನ್ನು ನಂಬಬೇಡಿ, ಸುಮ್ಮನೆ ಕುಳಿತ ಯಂತ್ರವೂ 5 ಎಂದು ತೋರಿಸುತ್ತದೆ. ಲೋಡ್ ಹಾಕಿ ಅರ್ಧ ಗಂಟೆ ಓಡಿಸಿ, ವೇಗ, ವೋಲ್ಟೇಜ್, ಉಷ್ಣತೆ ಮೂರನ್ನೂ ಒಂದೇ ಪರದೆಯಲ್ಲಿ ತೋರಿಸಲು ಹೇಳಿ. "ನಂಬಿಕೆ ಇಲ್ಲವೇ ಸರ್?" ಎಂದರೆ, ಇಲ್ಲ ಎಂದೇ ಹೇಳಿ.