ಗೆಡ್ಡೆಗೆ ಒಂದು, ಸೊಪ್ಪಿಗೆ ಇನ್ನೊಂದು: ತಾರಸಿಯಲ್ಲಿ ಬೀಟ್ರೂಟ್ ತಳಿಗಳ ಹೋಲಿಕೆ

ಬೀಟ್ರೂಟ್ ಹಾಕಿದರೆ ಗೆಡ್ಡೆಯೂ ಆಯಿತು, ಸೊಪ್ಪೂ ಆಯಿತು ಎನ್ನುತ್ತಾರೆ. ಎರಡೂ ಸಿಗುವುದೇನೋ ನಿಜ. ಆದರೆ ಎರಡೂ ಚೆನ್ನಾಗಿ ಸಿಗುತ್ತವಾ? ಅದನ್ನು ನೋಡಬೇಕೆಂದೇ ಬೆಂಗಳೂರಿನ ನಮ್ಮ ತಾರಸಿಯಲ್ಲಿ ಮೂರು ತಳಿಗಳನ್ನು ಪಕ್ಕಪಕ್ಕದಲ್ಲೇ ಬೆಳೆದೆ: ಡೆಟ್ರಾಯ್ಟ್ ಡಾರ್ಕ್ ರೆಡ್, ಕ್ರಿಮ್ಸನ್ ಗ್ಲೋಬ್, ಕ್ರಾಸ್ಬಿ ಈಜಿಪ್ಷಿಯನ್. ಸೊಪ್ಪಿನ ಪೈಪೋಟಿಗೆ ಆಲ್ ಗ್ರೀನ್ ಪಾಲಕ್ ಕೂಡ ಹಾಕಿದೆ.

ಬೀಟ್ರೂಟ್ ನಡುವೆ ಪಾಲಕ್ ಯಾಕೆ ಬಂತು ಅಂತೀರಾ? ನಮ್ಮಲ್ಲಿ ಕಟ್ಟು ಕಟ್ಟಿ ಮಾರುವ ಪಾಲಕ್ ಬೀಟ್ರೂಟಿನ ಒಡಹುಟ್ಟು. ಎರಡೂ ಬೀಟಾ ವಲ್ಗ್ಯಾರಿಸ್ ಎಂಬ ಒಂದೇ ಜಾತಿ. ವಿದೇಶದ ಸ್ಪಿನಾಚ್ ಬೇರೆಯೇ ಗಿಡ. ಪಾಲಕ್, ಬೀಟ್ರೂಟ್ ಎರಡರ ಬೀಜವನ್ನೂ ಅಂಗೈ ಮೇಲೆ ಹಾಕಿಕೊಂಡರೆ ಯಾವುದು ಯಾವುದೆಂದು ಹೇಳುವುದು ಕಷ್ಟ. ಕಂದು ಬಣ್ಣ, ಒರಟು ಮೈ, ಬೆಂಡಿನಂತೆ ಹಗುರ. ಅದು ಒಂದು ಬೀಜವೂ ಅಲ್ಲ, ಎರಡು ಮೂರು ಬೀಜ ಅಂಟಿಕೊಂಡ ಗಂಟು. ಅದಕ್ಕೇ ಒಂದು ಊರಿದ ಕಡೆ ಮೂರು ಮೊಳಕೆ ಏಳುತ್ತವೆ.

ಎಲ್ಲಕ್ಕೂ ಒಂದೇ ಆರೈಕೆ. 12 ಇಂಚು ಆಳದ ಗ್ರೋ ಬ್ಯಾಗ್. ಕೆಮ್ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಕೊಕೊಪೀಟ್ (ತೆಂಗಿನ ನಾರಿನ ಪುಡಿ). ಬೀಜವನ್ನು ರಾತ್ರಿ ನೆನೆಸಿ, ದಸರಾ ಕಳೆದ ಮೇಲೆ ಅರ್ಧ ಇಂಚು ಆಳಕ್ಕೆ ಊರಿದೆ. ಸಸಿಗೆ ನಾಲ್ಕು ಎಲೆ ಬಂದಾಗ ಬೀಟ್ರೂಟಿನಲ್ಲಿ ಮೂರು ನಾಲ್ಕು ಇಂಚಿಗೆ ಒಂದನ್ನು ಉಳಿಸಿ ಬಾಕಿಯದನ್ನು ಕತ್ತರಿಯಿಂದ ಕತ್ತರಿಸಿದೆ. ಕೀಳಬೇಡಿ. ಕಿತ್ತರೆ ಪಕ್ಕದ ಸಸಿಯ ಬೇರೂ ಎದ್ದುಬರುತ್ತದೆ. ಕತ್ತರಿಸಿದ ಎಳೆ ಸಸಿ ಕೋಸಂಬರಿಗೆ ಹೋಯಿತು. ಇಡೀ ಬೆಳೆಯಲ್ಲಿ ಅಷ್ಟು ರುಚಿಯ ಸೊಪ್ಪು ಮತ್ತೆ ಸಿಗಲಿಲ್ಲ.

ಗೆಡ್ಡೆಯಲ್ಲಿ ಡೆಟ್ರಾಯ್ಟ್ ಮುಂದೆ, ಅನುಮಾನವೇ ಇಲ್ಲ. ಎಲ್ಲವೂ ಗುಂಡಗೆ, ಹೆಚ್ಚುಕಡಿಮೆ ಒಂದೇ ಅಳತೆ, ನುಣುಪು ಸಿಪ್ಪೆ. ಕೊಯ್ದರೆ ಒಳಗೆಲ್ಲ ಕಡುಗೆಂಪು. ಬೆಂದ ಮೇಲೂ ಬಣ್ಣ ಮಾಸುವುದಿಲ್ಲ, ನಾರೂ ಕಡಿಮೆ. ಹಳೆಯ ತಳಿ, ಆದರೂ ಇವತ್ತಿಗೂ ಬೀಜದಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಸೊಪ್ಪಿನ ವಿಷಯಕ್ಕೆ ಬಂದರೆ ಮಾತ್ರ ಜಿಪುಣ. ಎಲೆ ಚಿಕ್ಕದು, ಸಂಖ್ಯೆಯೂ ಕಮ್ಮಿ.

ಕ್ರಿಮ್ಸನ್ ಗ್ಲೋಬ್ ಇದಕ್ಕೆ ತದ್ವಿರುದ್ಧ. ಅಗಲವಾದ ತಿಳಿಹಸಿರು ಎಲೆ, ಮೇಲೆ ಸ್ವಲ್ಪ ಕೆಂಪು ಛಾಯೆ, ರಸ ತುಂಬಿದ ದಂಟು. ಚೀಲ ತುಂಬಿ ಹೊರಗೆ ಬಾಗುವಷ್ಟು ಸೊಪ್ಪು. ಗೆಡ್ಡೆ ಮಾತ್ರ ಸಣ್ಣದು, ಕೆಲವು ಚಪ್ಪಟೆ. ತಿನ್ನಲು ಅಡ್ಡಿಯಿಲ್ಲ, ಡೆಟ್ರಾಯ್ಟ್‌ನಷ್ಟು ಗಟ್ಟಿ ಬಣ್ಣ ಇರಲಿಲ್ಲ ಅಷ್ಟೇ.

ಕ್ರಾಸ್ಬಿ ಎಲ್ಲಕ್ಕಿಂತ ಮೊದಲು ಕೈಗೆ ಬಂತು. ಅವಸರದವರಿಗೆ ಒಳ್ಳೆಯದು. ಆದರೆ ಫೆಬ್ರವರಿ ಕೊನೆಗೆ ಇನ್ನೊಮ್ಮೆ ಬಿತ್ತಿದಾಗ ಬಂದ ಗೆಡ್ಡೆ ಕೊಯ್ದರೆ ಒಳಗೆ ಬಿಳಿ ಬಿಳಿ ಬಳೆಗಳು. ಬಿಸಿಲು ಏರಿದರೆ ಬೀಟ್ರೂಟಿಗೆ ಹೀಗಾಗುತ್ತದೆ, ಈ ತಳಿಗೆ ಇನ್ನೂ ಜಾಸ್ತಿ. ಸಿಹಿಯೂ ಇರಲಿಲ್ಲ. ಬೇಸಿಗೆಗೆ ಇದನ್ನು ನಾನಂತೂ ಮತ್ತೆ ಹಾಕುವುದಿಲ್ಲ.

ಇನ್ನು ಅಸಲಿ ವಿಷಯ. ಗೆಡ್ಡೆ ಊದುವವರೆಗೂ ಕಾಯುತ್ತಾ ಎಲೆ ಕೀಳುತ್ತಿದ್ದರೆ ಏನಾಗುತ್ತದೆ? ಕ್ರಿಮ್ಸನ್ ಗ್ಲೋಬಿನ ಅರ್ಧ ಚೀಲಗಳಲ್ಲಿ ವಾರ ವಾರ ಹೊರಗಿನ ಎಲೆ ಕೊಯ್ದೆ, ಇನ್ನರ್ಧ ಮುಟ್ಟಲಿಲ್ಲ. ಕೊಯ್ದ ಗಿಡದ ಗೆಡ್ಡೆ ನಿಂಬೆಹಣ್ಣಿನ ಗಾತ್ರ ದಾಟಲೇ ಇಲ್ಲ. ಎಲೆ ಮಾಡಿದ ಸಕ್ಕರೆಯೇ ಅಲ್ವಾ ಗೆಡ್ಡೆಗೆ ಇಳಿಯುವುದು? ಎಲೆ ಕಿತ್ತರೆ ಗಿಡ ಇದ್ದ ಶಕ್ತಿಯನ್ನೆಲ್ಲ ಹೊಸ ಎಲೆಗೇ ಸುರಿಯುತ್ತದೆ. ಗಿಡಕ್ಕೆ ಒಂದೋ ಎರಡೋ ಹೊರ ಎಲೆ ಕಿತ್ತರೆ ನಡೆಯುತ್ತದೆ. ಅದಕ್ಕಿಂತ ಆಸೆಪಟ್ಟರೆ ಗೆಡ್ಡೆಯ ಆಸೆ ಬಿಡಬೇಕು. ಸೊಪ್ಪು ಹೆಚ್ಚಲಿ ಅಂತ ಸಾರಜನಕದ ಗೊಬ್ಬರ ಜಾಸ್ತಿ ಸುರಿದರೂ ಇದೇ ಗತಿ.

ಅದಕ್ಕೇ ಬರೀ ಸೊಪ್ಪು ಬೇಕಾದವರಿಗೆ ಪಾಲಕ್ ವಾಸಿ. ಬುಡದಿಂದ ಒಂದೆರಡು ಇಂಚು ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ, ಐದಾರು ಕೊಯ್ಲು ಆರಾಮ. ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನುಪಮಾ ಕೂಡ ಹೀಗೇ ಮತ್ತೆ ಮತ್ತೆ ಕೊಯ್ಯುವ ತಳಿ. ಪಾಲಕ್ ಬೀಜ ನಮ್ಮ ಬಯಲುಸೀಮೆಯಲ್ಲೂ ಕಟ್ಟುತ್ತದೆ. ಬೀಟ್ರೂಟ್ ಹಾಗಲ್ಲ. ಅದು ಎರಡು ವರ್ಷದ ಗಿಡ, ಒಳ್ಳೆಯ ಚಳಿ ಕಾಣದೆ ಹೂ ಬಿಡುವುದಿಲ್ಲ. ಹಾಗಾಗಿ ನಾವು ಪ್ರತಿಸಲವೂ ಬೀಜ ಕೊಳ್ಳಲೇಬೇಕು.

ರೋಗದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದಾಗ ನಾಲ್ಕಕ್ಕೂ ಎಲೆಚುಕ್ಕೆ ಬಂತು. ಬೂದಿ ಬಣ್ಣದ ಪುಟ್ಟ ಚುಕ್ಕೆ, ಸುತ್ತ ಕೆನ್ನೇರಳೆ ಅಂಚು. ಚುಕ್ಕೆ ಬಿದ್ದ ಎಲೆ ತೆಗೆದು, ಎಲೆ ಮೇಲೆ ನೀರು ಬೀಳದ ಹಾಗೆ ಬುಡಕ್ಕೆ ಮಾತ್ರ ಹಾಕಿದೆ, ಹತೋಟಿಗೆ ಬಂತು.

ಕಿಯೋಜಾ ಅಂತ ಇಟಲಿಯದೊಂದು ತಳಿ ಇದೆ, ಕೊಯ್ದರೆ ಗುಲಾಬಿ ಬಿಳಿ ಬಳೆ ಬಳೆ. ಫೋಟೋಗೆ ಚೆಂದ. ಬೇಯಿಸಿದರೆ ಆ ಬಳೆಗಳು ಮಸುಕಾಗುತ್ತವೆ. ಪಲ್ಯ ಮಾಡುವ ಮನೆಗೆ ಸುಮ್ನೆ ದುಡ್ಡು ದಂಡ.

ಈಗ ನಮ್ಮಲ್ಲಿ ಚಳಿಗಾಲಕ್ಕೆ ಡೆಟ್ರಾಯ್ಟ್, ಜೊತೆಗೆ ಪಾಲಕ್. ಒಂದೇ ಪೊಟ್ಟಣ ಕೊಳ್ಳುವವರಿಗೆ ಕ್ರಿಮ್ಸನ್ ಗ್ಲೋಬ್ ಹೇಳುತ್ತೇನೆ. ಗೆಡ್ಡೆ ಕೀಳುವ ದಿನ ಒಂದು ಕಟ್ಟು ಸೊಪ್ಪೂ ಗ್ಯಾರಂಟಿ, ಕಾಳು ಹಾಕಿ ಬಸ್ಸಾರು ಮಾಡಬಹುದು. ಸಾರಿನ ಬಣ್ಣ ನೋಡಿ ಮಕ್ಕಳೂ ಬರುತ್ತಾರೆ. ಒಂದು ಮಾತು: ಬೀಟ್ರೂಟ್ ಸೊಪ್ಪಿನಲ್ಲೂ ಪಾಲಕ್‌ನಲ್ಲೂ ಆಕ್ಸಲೇಟ್ ಜಾಸ್ತಿ, ಕಿಡ್ನಿಯಲ್ಲಿ ಕಲ್ಲು ಕಟ್ಟಲು ಕಾರಣವಾಗಬಲ್ಲ ಅಂಶ ಅದು. ಬೇಯಿಸಿದಾಗ ಅದರಲ್ಲಿ ಒಂದಷ್ಟು ನೀರಿಗೆ ಇಳಿಯುತ್ತದೆ, ಬಸ್ಸಾರಿಗೆ ಹೋಗುವುದು ಅದೇ ನೀರು. ಕಿಡ್ನಿಯಲ್ಲಿ ಕಲ್ಲಾದವರಿದ್ದರೆ ಡಾಕ್ಟರನ್ನು ಕೇಳಿ. ಅವರು ತಿನ್ನಬಹುದು ಎಂದರೂ ನೀರು ಚೆಲ್ಲಿ ಪಲ್ಯವನ್ನಷ್ಟೇ ಮಾಡಿ.