ಜಗಲಿಗೆ ಟ್ರಾವರ್ಟಿನ್ ಕಲ್ಲು ಹಾಸಿಸುವ ಮುನ್ನ ಒಂದು ಹನಿ ಹುಳಿ ಹಾಕಿ ನೋಡಿ

ಮಡಿಕೇರಿಯ ಸಮೀಪ ಕಟ್ಟಿಸಿದ ನಮ್ಮ ಮನೆಯ ಜಗಲಿಗೂ ಅಡುಗೆಕಟ್ಟೆಗೂ, ‘ಗ್ರಾನೈಟಿನಷ್ಟೇ ಗಟ್ಟಿ’ ಎಂಬ ವ್ಯಾಪಾರಿಯ ಮಾತನ್ನು ನಂಬಿ, ತಿಳಿಗಂದು ಬಣ್ಣದ, ಪಟ್ಟೆಪಟ್ಟೆಯಾದ ನುಣುಪು ಕಲ್ಲನ್ನು ಹಾಕಿಸಿದೆವು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಜಗಲಿಯ ಅಂಚಿನ ಕಲ್ಲುಗಳಲ್ಲಿ ತುಂಬಿದ್ದ ಪುಟ್ಟಿ ಎದ್ದುಹೋಗಿ, ಅದರಡಿಯಿದ್ದ ಸಣ್ಣ ಕುಳಿಗಳು ಬಾಯ್ದೆರೆದು, ಒಳಗೆಲ್ಲ ಪಾಚಿ ಕಟ್ಟಿತು. ಅದನ್ನು ತೆಗೆಯಲು ಶೌಚಾಲಯ ತೊಳೆಯುವ ಆಸಿಡ್ ಸುರಿದದ್ದರಿಂದ ಕಲ್ಲು ಬುಸುಬುಸನೆ ನೊರೆಯೆದ್ದು ಮೆರುಗನ್ನು ಪೂರ್ತಿಯಾಗಿ ಕಳೆದುಕೊಂಡಿತು. ಪಂದಿಕರಿ ಮಾಡುವಾಗ ಅಡುಗೆಕಟ್ಟೆಯ ಮೇಲೆ ಚೆಲ್ಲಿ, ರಾತ್ರಿಯಿಡೀ ಹಾಗೆಯೇ ಉಳಿದ ಕಾಚಂಪುಳಿ ಎಂಬ ಕೊಡಗಿನ ಹುಳಿರಸದ ಕಪ್ಪು ಕಲೆ ಎಷ್ಟು ಉಜ್ಜಿದರೂ ಹೋಗಿಲ್ಲ; ಕಲೆಯಿರುವ ಕಡೆ ಕಲ್ಲು ಒರಟಾಗಿರುವುದು ಬೆರಳಿಗೆ ತಿಳಿಯುತ್ತದೆ.

ಅದು ಟ್ರಾವರ್ಟಿನ್ ಎಂದು ನಮಗೆ ಗೊತ್ತಾದದ್ದು ಆಮೇಲೆ. ಸುಣ್ಣಕಲ್ಲನ್ನು ಕರಗಿಸಿಕೊಂಡ ಅಂತರ್ಜಲವು ಚಿಲುಮೆಯಾಗಿ ಹೊರಬಂದಾಗ, ಅದರೊಳಗಿನ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹಾರಿಹೋಗಿ, ಕ್ಯಾಲ್ಸಿಯಂ ಕಾರ್ಬೊನೇಟ್ ಪದರಪದರವಾಗಿ ನೆಲೆಗೊಂಡು ಈ ಶಿಲೆಯಾಗುತ್ತದೆ. ಅನಿಲದ ಗುಳ್ಳೆಗಳೂ ಪದರಗಳೊಳಗೆ ಹುದುಗಿ ಕೊಳೆತ ಪಾಚಿ, ಎಲೆಕಡ್ಡಿಗಳೂ ಬಿಟ್ಟುಹೋದ ಜಾಗವೇ ಆ ಕುಳಿಗಳು. ಕಲ್ಲು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ: ರೋಮಿನಲ್ಲಿ ಕ್ರಿ.ಶ. 80ರಲ್ಲಿ ಉದ್ಘಾಟನೆಯಾದ ಕೊಲೋಸಿಯಂನ ಹೊರಗೋಡೆ ಸಮೀಪದ ಟಿವೊಲಿ ಊರಿನ ಟ್ರಾವರ್ಟಿನ್ನಿನದೇ. ಆದರೆ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಡಿಕೇರಿಯಲ್ಲಿ ತೆರೆದ ಜಗಲಿಗೆ ಇದು ಒಗ್ಗುವುದಿಲ್ಲ.

ಕೊಳ್ಳುವ ಮೊದಲು ಮಾದರಿ ತುಂಡೊಂದನ್ನು ಕೇಳಿ ಪಡೆಯಿರಿ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪನದಲ್ಲಿ ಇದರ ಗಡಸುತನ ಸುಮಾರು 3 ಆದ್ದರಿಂದ ಉಕ್ಕಿನ ಚಾಕು ಸುಲಭವಾಗಿ ಗೀರುತ್ತದೆ. ಗ್ರಾನೈಟಿನ ಮೇಲೆ ಹಾಗೆ ಗೀರು ಬೀಳುವುದಿಲ್ಲ. ಗೀರಿದಾಗ ಉದುರಿದ ಪುಡಿಯ ಮೇಲೆ ನಿಂಬೆರಸ ಹಾಕಿದರೆ ಸಣ್ಣ ಗುಳ್ಳೆಗಳು ಏಳುತ್ತವೆ. ಅಮೃತಶಿಲೆಯೂ ಸುಣ್ಣಕಲ್ಲೂ ಹೀಗೆಯೇ ನೊರೆಯೇಳುವುದರಿಂದ, ಪದರದ ಪಟ್ಟೆ, ಕುಳಿ ಎರಡೂ ಜೊತೆಗಿವೆಯೇ ಎಂದು ಕತ್ತರಿಸಿದ ಅಂಚಿನಲ್ಲಿ ನೋಡಬೇಕು. ಮೇಲ್ಮೈಯ ಕುಳಿಗಳನ್ನು ಪುಟ್ಟಿ ಮರೆಮಾಡಿರುತ್ತದೆ. ಕುಳಿಯೊಂದನ್ನೇ ಗುರುತಾಗಿ ಹಿಡಿಯುವಂತಿಲ್ಲ, ನಮ್ಮ ಕಡೆಯ ಜಂಬಿಟ್ಟಿಗೆಯಲ್ಲೂ ಕುಳಿಗಳಿವೆ, ಆದರೆ ಅದು ಹುಳಿಗೆ ನೊರೆಯೇಳುವುದಿಲ್ಲ.

ಬಿಲ್ಲಿನಲ್ಲಿ ಕಲ್ಲಿನ ಹೆಸರನ್ನು ತಪ್ಪದೆ ಬರೆಸಿಕೊಳ್ಳಿ. ನಮ್ಮದರಲ್ಲಿ ‘ಇಟಾಲಿಯನ್ ಕಲ್ಲು’ ಎಂದಷ್ಟೇ ಇದ್ದುದರಿಂದ ಪರಿಹಾರ ಕೇಳಲು ಯಾವ ಆಧಾರವೂ ಉಳಿಯಲಿಲ್ಲ.