ಮೈ ಕೊಬ್ಬು ಅಳೆಯಲು ಸ್ಮಾರ್ಟ್ ಸ್ಕೇಲ್, ಟೇಪ್, ಕ್ಯಾಲಿಪರ್, ಡೆಕ್ಸಾ: ಯಾವುದನ್ನು ಎಷ್ಟು ನಂಬಬಹುದು?

ನಾಲ್ಕನ್ನೂ ಬಳಸಿ ನೋಡಿದ್ದೇನೆ. ನಾಲ್ಕೂ ಬೇರೆ ಬೇರೆ ಸಂಖ್ಯೆ ಕೊಟ್ಟವು. ಕೊಡಲೇಬೇಕು ಬಿಡಿ, ಯಾಕಂದ್ರೆ ಇವು ಯಾವುವೂ ಕೊಬ್ಬನ್ನು ನೇರವಾಗಿ ತೂಗುವುದಿಲ್ಲ. ಬೇರೆ ಏನನ್ನೋ ಅಳೆದು, ಸೂತ್ರಕ್ಕೆ ಹಾಕಿ, ಶೇಕಡಾ ಇಷ್ಟು ಅನ್ನುತ್ತವೆ.

ಸ್ಮಾರ್ಟ್ ಸ್ಕೇಲ್ ಮೇಲೆ ಬರಿಗಾಲಲ್ಲಿ ನಿಂತರೆ ಒಂದು ಪಾದದಿಂದ ಇನ್ನೊಂದಕ್ಕೆ ಸಣ್ಣ ಕರೆಂಟ್ ಹರಿಯುತ್ತದೆ. ಸ್ನಾಯುವಿನಲ್ಲಿ ನೀರು ಜಾಸ್ತಿ, ಹಾಗಾಗಿ ಸಲೀಸಾಗಿ ಹೋಗುತ್ತದೆ. ಕೊಬ್ಬು ತಡೆಯುತ್ತದೆ. ಅಂದರೆ ಅದು ನೋಡುವುದು ನೀರನ್ನು, ಅದೂ ಹೆಚ್ಚಾಗಿ ಕಾಲುಗಳಲ್ಲಿ. ಹೊಟ್ಟೆಯದ್ದು ಬರೀ ಅಂದಾಜು. ಸುಮ್ನೆ ಕುತೂಹಲಕ್ಕೆ ಆಪ್‌ನಲ್ಲಿ ವಯಸ್ಸು ಹೆಚ್ಚಿಸಿ ಮತ್ತೆ ನಿಂತೆ, ಕೊಬ್ಬು ಏರಿತು. ‘ಅಥ್ಲೀಟ್’ ಅಂತ ಬದಲಿಸಿದೆ, ಸರ್ರನೆ ಇಳಿಯಿತು. ಮೈ ಅದೇ! ನಾನು ಅದರಲ್ಲಿ ತೂಕ ಮಾತ್ರ ನೋಡುತ್ತೇನೆ.

ಟೇಪ್ ಲೆಕ್ಕ ಅಮೆರಿಕದ ನೌಕಾಪಡೆಗಾಗಿ 1984ರಲ್ಲಿ ಮಾಡಿದ್ದು. ಗಂಡಸರಿಗೆ ಕುತ್ತಿಗೆ, ಹೊಕ್ಕುಳ ಮಟ್ಟದ ಸುತ್ತಳತೆ, ಎತ್ತರ ಸಾಕು. ಹೆಂಗಸರಿಗೆ ಹೊಕ್ಕುಳ ಮಟ್ಟದ ಬದಲು ಸೊಂಟದ ಸಣ್ಣ ಭಾಗ, ಜೊತೆಗೆ ಪೃಷ್ಠದ ಸುತ್ತಳತೆಯೂ ಬೇಕು. ಮೂರ್ನಾಲ್ಕು ಶೇಕಡಾ ಆಚೆ ಈಚೆ ಆಗುವುದು ಮಾಮೂಲು, ಕುತ್ತಿಗೆ ದಪ್ಪ ಇದ್ದವರಿಗೆ ಕಮ್ಮಿ ತೋರಿಸುತ್ತದೆ. ಆದರೂ ಸೊಂಟ ಇಳಿಯುತ್ತಿದೆಯಾ ಅನ್ನುವುದನ್ನು ಇದರಷ್ಟು ನೇರವಾಗಿ ಇನ್ಯಾವುದೂ ಹೇಳಲ್ಲ. ಹೊಟ್ಟೆ ಒಳಗೆಳೆದುಕೊಳ್ಳದೆ, ಉಸಿರು ಬಿಟ್ಟ ಮೇಲೆ ಅಳೆಯಬೇಕು ಅಷ್ಟೇ.

ನನಗೆ ಹಿಡಿಸಿದ್ದು ಕ್ಯಾಲಿಪರ್, ಅಂದರೆ ಚರ್ಮದ ಮಡಿಕೆಯ ದಪ್ಪ ಅಳೆಯುವ ಇಕ್ಕಳದಂಥ ಸಾಧನ. ಜಾಕ್ಸನ್ ಮತ್ತು ಪೊಲಾಕ್ ಅನ್ನುವ ಸಂಶೋಧಕರ ಮೂರು ಜಾಗದ ವಿಧಾನದಲ್ಲಿ ಗಂಡಸರಿಗೆ ಎದೆ, ಹೊಟ್ಟೆ, ತೊಡೆ. ಹೆಂಗಸರಿಗೆ ತೋಳಿನ ಹಿಂಭಾಗ, ಸೊಂಟದ ಮೂಳೆಯ ಮೇಲೆ, ತೊಡೆ. ಬಲಗಡೆ, ಹೆಬ್ಬೆರಳು ಮತ್ತು ತೋರುಬೆರಳಿನಿಂದ ಚರ್ಮವನ್ನು ಕೊಬ್ಬಿನ ಸಮೇತ ಮಡಿಸಿ ಎತ್ತಿ, ಸ್ನಾಯು ಒಳಗೇ ಉಳಿಯುವಂತೆ ನೋಡಿಕೊಂಡು, ಬೆರಳಿನಿಂದ ಒಂದು ಸೆಂಟಿಮೀಟರ್ ದೂರಕ್ಕೆ ಕ್ಯಾಲಿಪರ್ ಕಚ್ಚಿಸಬೇಕು. ಒಂದೆರಡು ಸೆಕೆಂಡಿನಲ್ಲೇ ಓದಿಬಿಡಬೇಕು, ತಡ ಮಾಡಿದರೆ ಕೊಬ್ಬು ಅದುಮಿ ಮುಳ್ಳು ಕೆಳಗೆ ಜಾರುತ್ತದೆ. ತೋಳಿನ ಹಿಂಭಾಗ ಒಬ್ಬರೇ ಅಳೆದುಕೊಳ್ಳುವುದು ಕಷ್ಟ, ಯಾರನ್ನಾದರೂ ಕರೆಯಲೇಬೇಕು. ಪ್ರತಿ ಸಲವೂ ಅವರೇ ಆಗಿರಲಿ, ಕೈ ಬದಲಾದರೆ ಅಂಕಿಯೂ ಬದಲಾಗುತ್ತದೆ. ನಾನಂತೂ ಶೇಕಡಾ ಲೆಕ್ಕವನ್ನೇ ಬಿಟ್ಟಿದ್ದೇನೆ. ಮೂರು ಜಾಗದ ಮಿಲಿಮೀಟರ್ ಕೂಡಿಸಿ ಬರೆದಿಡುತ್ತೇನೆ, ಆ ಮೊತ್ತ ಇಳಿದರೆ ಸಾಕು. ಇದರ ಕೊರತೆ ಒಂದೇ: ಕರುಳಿನ ಸುತ್ತ ಇರುವ ಕೊಬ್ಬು ಇದರ ಕೈಗೆ ಸಿಗಲ್ಲ. ಅದಕ್ಕೆ ಟೇಪ್ ಜೊತೆಗಿರಲಿ.

ಡೆಕ್ಸಾ ಮೂಳೆಯ ಸಾಂದ್ರತೆ ನೋಡಲು ಬಂದ ಸ್ಕ್ಯಾನ್. ಎರಡು ಬೇರೆ ಶಕ್ತಿಯ ಎಕ್ಸ್‌ರೇ ಹಾಯಿಸಿ ಮೂಳೆ, ಕೊಬ್ಬು, ಉಳಿದ ಮಾಂಸ ಬೇರೆ ಮಾಡುತ್ತದೆ. ಸುಮ್ಮನೆ ಮಲಗಿದ್ದರೆ ಆಯಿತು. ವಿಕಿರಣ ತೀರಾ ಕಮ್ಮಿ, ಆದರೆ ಗರ್ಭಿಣಿಯರಿಗೆ ಬೇಡ. ಕೈ, ಕಾಲು, ನಡುಭಾಗ ಬಿಡಿಬಿಡಿಯಾಗಿ ಗೊತ್ತಾಗುವುದು ಇದೊಂದರಲ್ಲೇ. ನಾಲ್ಕರಲ್ಲಿ ಹೆಚ್ಚು ನಂಬಬಹುದಾದದ್ದೂ ಇದೇ. ಮಾಡಿಸುವುದಾದರೆ ಪ್ರತಿ ಸಲವೂ ಅದೇ ಯಂತ್ರದಲ್ಲಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾಡಿಸಿ. ನಡುವೆ ಕೆಲವು ತಿಂಗಳಾದರೂ ಬಿಡಿ, ಇಲ್ಲದಿದ್ದರೆ ಕಂಡ ವ್ಯತ್ಯಾಸ ಮೈಯದ್ದೋ ಯಂತ್ರದ್ದೋ ತಿಳಿಯಲ್ಲ.